ಬಿಟ್ಟ ಸಾಲ, ತೀರಿದ ಸಾಲ

ತೋಡಾರು
ಸೆಪ್ಟೆಂಬರ್ ೨೭, ಭಾನುವಾರ

ಪ್ರೀತಿಯ ಅತ್ತೆಗೆ, ನಿಮ್ಮ ಸೊಸೆ ಸಾಧನಾ ಮಾಡುವ ಜೈ ಜಿನೇಂದ್ರ.

ಇದೊಂದು ಸಾಲು ಬರೆಯುವುದಕ್ಕೇ ನನಗೆ ಕಾಲು ಗಂಟೆ ಹಿಡಿಯಿತು. ಮನೆಯಲ್ಲಿರುವ ಹಿರಿಯರಿಗೆ ಜೈ ಜಿನೇಂದ್ರ ಎನ್ನಬೇಕು, ದೀಕ್ಷೆಯಾದ ಮಾತಾಜಿಯವರಿಗೆ ವಂದಾಮಿ ಎನ್ನಬೇಕು. ಮನೆಯನ್ನೂ ಬಿಟ್ಟು, ದೀಕ್ಷೆಯೂ ಆಗದೆ, ಬಿಳಿ ಸೀರೆ ಉಟ್ಟು ಸಂಘದ ಜೊತೆ ಕುಳಿತಿರುವ ನಿಮ್ಮಂಥವರಿಗೆ ಏನೆನ್ನಬೇಕೋ ನನಗೆ ತಿಳಿಯಲಿಲ್ಲ. ನಮ್ಮ ಬಸದಿಯಲ್ಲಿ ಪೂಜೆ ಮಾಡುವ ಇಂದ್ರರನ್ನು ಕೇಳಿದರೆ ಅವರೂ ತಲೆ ತುರಿಸಿಕೊಂಡು, ಸದ್ಯಕ್ಕೆ ಅತ್ತೆಯೇ ಅಲ್ಲವೇ, ಹಾಗೆಯೇ ಬರೆಯಿರಿ ಎಂದರು. ಈ ಕಾಗದ ತರುವವರೂ ಅವರೇ. ಮಧ್ಯಾಹ್ನ ಸ್ಕೂಟರಿನಲ್ಲಿ ವೇಣೂರಿಗೆ ಹೊರಡುತ್ತಾರೆ. ನೀವು ಮೊಬೈಲು ಮುಟ್ಟುವುದಿಲ್ಲವೆಂದು ನಿಯಮ ತೆಗೆದುಕೊಂಡದ್ದರಿಂದ ಈ ಕಾಲದಲ್ಲೂ ನಾನು ಪೆನ್ನು ಹುಡುಕುವ ಹಾಗಾಯಿತು. ಇಪ್ಪತ್ತು ಕಿಲೋಮೀಟರು ಆಚೆ ಇದ್ದುಕೊಂಡು ದುಬೈಯಲ್ಲಿರುವವರಿಗಿಂತ ದೂರ ಆಗಿಬಿಟ್ಟಿರಿ ನೀವು.

ಮಂಡಿ ನೋವು ಹೇಗುಂಟು? ಅಲ್ಲಿಯ ನೆಲ ಸಿಮೆಂಟಿನದ್ದೆಂದು ಇಂದ್ರರು ಹೇಳಿದಂದಿನಿಂದ ನನಗೆ ಅದೇ ಚಿಂತೆ. ಚಾಪೆಯಲ್ಲಿ ಮಲಗುವವರು ಗೋಡೆಯ ಬದಿ ಬಿಟ್ಟು ಮಲಗಿ, ಆ ಗೋಡೆ ಶೀತ. ಎಣ್ಣೆಯ ಬಾಟಲಿ ಇಟ್ಟಿದ್ದೇನೆ, ದಿನಾ ಹಚ್ಚಿ. ಒಪ್ಪತ್ತಿನ ಊಟದ ಜೊತೆಗೆ ರಕ್ತದೊತ್ತಡದ ಮಾತ್ರೆ ತೆಗೆದುಕೊಳ್ಳಲು ಮಾತಾಜಿಯವರು ಒಪ್ಪಿದ್ದಾರೆಂದು ಕೇಳಿ ಸಮಾಧಾನವಾಯಿತು. ಇಲ್ಲಿ ನಾವೆಲ್ಲ ಕ್ಷೇಮ ಎಂದು ಬರೆಯುವುದು ಕ್ರಮ, ಆದ್ದರಿಂದ ಬರೆದಿದ್ದೇನೆ. ನಿಮ್ಮ ಮೊಮ್ಮಗಳು ಪ್ರಣಮ್ಯಾ ಉಜಿರೆಯ ಹಾಸ್ಟೆಲಿನಿಂದ ಶನಿವಾರ ಬಂದವಳು ಇವತ್ತು ಸಂಜೆ ಹೋಗುತ್ತಾಳೆ. ಬಂದವಳೇ ಅಜ್ಜಿ ಇಲ್ಲದ ಮನೆಯಲ್ಲಿ ಉಪ್ಪಿನಕಾಯಿಗೂ ಉಪ್ಪಿಲ್ಲ ಎಂದಳು. ದಶಲಕ್ಷಣ ಪರ್ವ ಮುಗಿದು ಎಲ್ಲರೂ ಎಲ್ಲರಲ್ಲಿ ಕ್ಷಮೆ ಕೇಳುವ ದಿನಗಳಲ್ಲವೇ ಇವು? ಪ್ರತಿ ವರ್ಷ ನಿಮ್ಮ ಕಾಲು ಮುಟ್ಟಿ, ವರ್ಷವಿಡೀ ಆಡಿದ ಜಗಳಕ್ಕೆಲ್ಲ ಒಟ್ಟಿಗೆ ಕ್ಷಮೆ ಕೇಳಿ, ಮರುದಿನವೇ ಹೊಸ ಜಗಳ ಸುರು ಮಾಡುತ್ತಿದ್ದೆ. ಈ ವರ್ಷ ಜುಲೈ ತಿಂಗಳಿನಿಂದ ಲೆಕ್ಕ ಖಾಲಿ. ನೀರು ಸೋಸುವ ಬಟ್ಟೆ ಸರಿಯಾಗಿ ಒಣಗಿಸಲಿಲ್ಲ ಎಂದು ಬೈಯುವವರಿಲ್ಲ. ಮೊದಮೊದಲು ಹಾಯೆನಿಸಿತು, ಈಗ ಅನಿಸುವುದಿಲ್ಲ.

ಇನ್ನು ವಿಷಯಕ್ಕೆ ಬರುತ್ತೇನೆ. ಸೊಸೈಟಿಯ ಸಾಲದ್ದೇ. ನಿಮಗೆ ಗೊತ್ತಿದ್ದದ್ದೇ ಆದರೂ ಮೊದಲಿನಿಂದ ಬರೆಯುತ್ತೇನೆ, ಬರೆದಾಗಲಾದರೂ ನನಗೆ ಅರ್ಥವಾದೀತು ಎಂಬ ಆಸೆ. ಮನೆಯ ಹಿಂದಿನ ಶೆಡ್ಡಿನಲ್ಲಿ ನಮ್ಮದು ಒಂದೇ ಯಂತ್ರವಿದ್ದ ಕಾಲದಲ್ಲಿ ಅಡಿಕೆ ಹಾಳೆಯ ತಟ್ಟೆ ಒತ್ತಿ ಮದುವೆ, ಪೂಜೆ, ಗೃಹಪ್ರವೇಶಕ್ಕೆ ಕೊಟ್ಟು ಸುಖವಾಗಿಯೇ ಇದ್ದೆವು. ಹಾಳೆಯನ್ನು ನೀರಿಗೆ ಹಾಕುವ ಮೊದಲು ಅದರ ಸಂದಿನಲ್ಲಿರುವ ಇರುವೆ, ಜೇಡ ಒಂದೂ ಸಾಯಬಾರದೆಂದು ನೀವು ಪ್ರತಿಯೊಂದನ್ನೂ ಅಂಗಳದಲ್ಲಿ ಎರಡೆರಡು ಸಲ ಕೊಡವಿಸುತ್ತಿದ್ದಿರಿ. ಬೇರೆ ಕಡೆ ಸಾವಿರ ತಟ್ಟೆ ಆಗುವ ಹೊತ್ತಿಗೆ ನಮ್ಮಲ್ಲಿ ಆರುನೂರು ಆಗುತ್ತಿತ್ತು. ಕೆಲಸಕ್ಕೆ ಬರುವ ಸಫಿಯಮ್ಮ, ಈ ಮನೆಯಲ್ಲಿ ಇರುವೆಗೆ ಇರುವ ಮರ್ಯಾದೆ ನಮಗಿಲ್ಲ ಎಂದು ನಗುತ್ತಿದ್ದಳು. ಆದರೆ ಮಂಗಳೂರಿನಿಂದ ರಫ್ತಿನವರು ಬಂದಾಗ ಮೆಚ್ಚಿದ್ದು ಅದನ್ನೇ, ನಿಮ್ಮ ತಟ್ಟೆಯಲ್ಲಿ ಒಂದು ಹುಳವಿಲ್ಲ ಎಂದು. ಅಮೆರಿಕಕ್ಕೆ ಹೋಗುತ್ತದೆ, ಎಷ್ಟು ಮಾಡಿದರೂ ಸಾಲದು ಎಂದರು. ನಿಮ್ಮ ಮಗ ಆ ಮಾತು ಕೇಳಿ ಸಾಲ ತೆಗೆದು ಇನ್ನೂ ಮೂರು ಯಂತ್ರ, ಒಂದು ಟೆಂಪೋ ತಂದರು. ಜಾಮೀನಿಗೆ ನೀವು ಸಹಿ ಹಾಕಿದಿರಿ. ಕಳೆದ ವರ್ಷ ಮೇ ತಿಂಗಳಲ್ಲಿ ಅಡಿಕೆಯ ವಿಷ ಊಟಕ್ಕೆ ಇಳಿಯುತ್ತದೆ, ಅಡಿಕೆ ಹಾಳೆಯಲ್ಲಿ ಉಣ್ಣಬಾರದೆಂದು ಅಮೆರಿಕದವರು ಹೇಳಿದರು. ನಾವು ಹುಟ್ಟಿದಂದಿನಿಂದ ಅದರಲ್ಲೇ ಉಂಡು ಬದುಕಿದವರು, ಆದರೆ ಅದನ್ನು ಯಾರಿಗೆ ಹೇಳುವುದು? ರಫ್ತಿನವರು ಫೋನು ತೆಗೆಯುವುದನ್ನು ಬಿಟ್ಟರು. ಕಟ್ಟಿಟ್ಟ ತಟ್ಟೆಗಳಿಗೆ ಮಳೆಗಾಲದಲ್ಲಿ ಬೂಷ್ಟು ಹಿಡಿಯಿತು. ಕಂತು ನಿಂತಿತು. ಬಡ್ಡಿ, ಬಡ್ಡಿಯ ಮೇಲಿನ ದಂಡ ಎಲ್ಲ ಸೇರಿ ಈಗ ಹದಿನೆಂಟು ಲಕ್ಷ ಉಂಟು.

ಹೋದ ಸೋಮವಾರ ಸೊಸೈಟಿಯ ಮ್ಯಾನೇಜರ್ ಜಯಪ್ರಕಾಶರು ನಮ್ಮನ್ನು ಮೂಡುಬಿದಿರೆಗೆ ಕರೆಸಿದರು. ಬೈಯಲಿಲ್ಲ, ಚಹಾ ತರಿಸಿದರು. ಚಹಾ ಕುಡಿಸುವವರ ಎದುರು ಕುಳಿತರೆ ನನಗೆ ಇನ್ನಷ್ಟು ಹೆದರಿಕೆ. ಎರಡು ದಾರಿ ಉಂಟು, ಈ ಬುಧವಾರದ ಒಳಗೆ ಯಾವುದೆಂದು ಹೇಳಿ, ಮತ್ತೆ ನನ್ನ ಕೈಯಲ್ಲಿ ಇಲ್ಲ, ನೋಟೀಸು ಹೋಗುತ್ತದೆ ಎಂದರು. ಮೊದಲನೆಯ ದಾರಿ, ಸಾಲಕ್ಕೆ ಹೊಸ ಅವಧಿ ಕೊಡುವುದು. ಹದಿನೆಂಟು ಲಕ್ಷವನ್ನು ಏಳು ವರ್ಷಕ್ಕೆ ಹಂಚಿ ತಿಂಗಳಿಗೆ ಮೂವತ್ತೊಂದು ಸಾವಿರದ ಕಂತು ಮಾಡುತ್ತಾರೆ. ಯಂತ್ರ ಉಳಿಯುತ್ತದೆ, ಟೆಂಪೋ ಉಳಿಯುತ್ತದೆ, ಬೆಂಗಳೂರು, ಪುಣೆಯ ಕಡೆ ಗಿರಾಕಿ ಹುಡುಕಬಹುದು. ಕೇಳಲು ಚೆನ್ನಾಗಿಯೇ ಉಂಟು. ಆದರೆ ಹೊಸ ಅವಧಿ ಎಂದರೆ ಹೊಸ ಕಾಗದ, ಹಳೆಯ ಜಾಮೀನುದಾರರೂ ಮತ್ತೆ ಸಹಿ ಹಾಕಬೇಕು. ಎಂದರೆ ನೀವು, ಋಣ ಉಳಿದರೆ ದೀಕ್ಷೆಯಿಲ್ಲ ಎನಿಸಿಕೊಂಡಿರುವ ನೀವು. ಆ ಫಾರ್ಮು ಈ ಲಕೋಟೆಯಲ್ಲೇ ಇದೆ, ಸಹಿಯ ಜಾಗಕ್ಕೆ ನಿಮ್ಮ ಮಗ ಪೆನ್ಸಿಲಿನಲ್ಲಿ ಗುರುತು ಮಾಡಿದ್ದಾರೆ. ಏಳು ವರ್ಷ ಎಂದು ಜಯಪ್ರಕಾಶರು ಹೇಳಿದಾಗ ಇವರ ಮುಖ ಸಣ್ಣದಾಯಿತು. ನನಗೆ ಮಾತ್ರ ಎದೆ ಸ್ವಲ್ಪ ಹಗುರವಾಯಿತು. ಯಾಕೆಂದು ನನಗೇ ತಿಳಿಯಲಿಲ್ಲ, ಬಡ್ಡಿ ಸೇರಿ ಇಪ್ಪತ್ತಾರು ಲಕ್ಷ ಕಟ್ಟಬೇಕಾದವಳಿಗೆ ಹಗುರವಾಗುವುದೆಂದರೇನು?

ಎರಡನೆಯದು ಒಂದೇ ಸಲಕ್ಕೆ ತೀರಿಸುವುದು. ದೀಪಾವಳಿಯ ಒಳಗೆ ಹನ್ನೆರಡು ಲಕ್ಷ ಕಟ್ಟಿದರೆ ಉಳಿದ ಆರು ಲಕ್ಷ ಅವರು ಬಿಟ್ಟುಬಿಡುತ್ತಾರೆ. ಸಾಲ ಮುಗಿಯಿತು, ಜಾಮೀನೂ ಮುಗಿಯಿತು, ನಿಮ್ಮ ಹೆಸರು ಹೊಡೆದುಹಾಕುತ್ತಾರೆ. ಇನ್ನು ಮುಂದೆ ಯಾವ ಬ್ಯಾಂಕಿನವರೂ ನಮಗೆ ಸಾಲ ಕೊಡಲಿಕ್ಕಿಲ್ಲವಂತೆ. ಅದೊಂದು ಶಿಕ್ಷೆಯೋ ಉಪಕಾರವೋ ನನಗೆ ಗೊತ್ತಾಗಲಿಲ್ಲ. ಹನ್ನೆರಡು ಲಕ್ಷ ಎಲ್ಲಿಂದ ಎಂದು ಕೇಳುತ್ತೀರಿ. ಮೂರು ಹೊಸ ಯಂತ್ರ, ಟೆಂಪೋ ಹೋಗಬೇಕು, ಅದೂ ಅರ್ಧ ಬೆಲೆಗೆ, ಏಕೆಂದರೆ ಈಗ ಎಲ್ಲರೂ ಮಾರುವವರೇ, ಕೊಳ್ಳುವವರಿಲ್ಲ. ನನ್ನ ಬಳೆ, ಸರ ಹೋಗಬೇಕು. ಬಂಗಾರದ ಬೆಲೆ ಆಕಾಶಕ್ಕೇರಿದ್ದು ನಮಗೆ ಉಪಯೋಗಕ್ಕೆ ಬರುವುದು ಹೀಗೆ ಎಂದು ಯಾರಿಗೆ ಗೊತ್ತಿತ್ತು? ನೀವು ಹೋಗುವಾಗ ನನ್ನ ಕೈಗೆ ಹಾಕಿದ ಅವಲಕ್ಕಿ ಸರವನ್ನು ಮುಟ್ಟುವುದಿಲ್ಲ, ಅದು ಪ್ರಣಮ್ಯಾಳದ್ದು. ಕೊನೆಗೆ ಹಳೆಯ ಒಂದು ಯಂತ್ರ, ಸಫಿಯಮ್ಮ, ನಾನು, ಇವರು ಉಳಿಯುತ್ತೇವೆ. ಅದಕ್ಕೂ ನಾನು ತಯಾರು. ಆದರೆ ಇಲ್ಲಿ ನೀವೇ ಅಡ್ಡ ನಿಂತಿದ್ದೀರಿ. ಮೊದಲೊಮ್ಮೆ ಈ ಮಾತು ಬಂದಾಗ ನೀವು ಜಗಲಿಯಲ್ಲಿ ಕುಳಿತು ಹೇಳಿದ್ದು ನನ್ನ ಕಿವಿಯಲ್ಲೇ ಉಂಟು: “ಅವರು ಬಿಟ್ಟದ್ದು ಅವರ ದೊಡ್ಡತನ. ನಮ್ಮದು ತೀರಿದ ಹಾಗೆ ಹೇಗೆ ಆಗ್ತದೆ? ಬಿಟ್ಟದ್ದು ಬೇರೆ, ತೀರಿದ್ದು ಬೇರೆ.” ಎಂದರೆ ಸೊಸೈಟಿಯ ಪುಸ್ತಕದಲ್ಲಿ ಮುಗಿದ ಸಾಲ ನಿಮ್ಮ ಮನಸ್ಸಿನಲ್ಲಿ ಮುಗಿಯುವುದಿಲ್ಲ. ಮಾತಾಜಿಯವರ ಎದುರು ನೀವು ಮತ್ತೆ ಅದನ್ನೇ ಹೇಳುತ್ತೀರಿ, ನನಗೆ ಗೊತ್ತು.

ಇದು ಎರಡೇ ಆಗಿದ್ದರೆ ಹೇಗೋ ತಲೆ ಓಡಿಸಬಹುದಿತ್ತು. ಗುರುವಾರ ನಿಮ್ಮ ತಮ್ಮ ಭುಜಬಲಿ ಮಾವ ಬಂಟ್ವಾಳದಿಂದ ಬಂದರು. ಪೇಟೆಯಲ್ಲಿ ಅವರ ಪಾತ್ರೆ ಅಂಗಡಿಗೆ ಈ ಸಲವೂ ನೇತ್ರಾವತಿಯ ನೀರು ಬಂತಂತೆ. ಪಾತ್ರೆಗೆ ನೀರು ತಾಗಿದರೆ ಏನಾಗುತ್ತದೆ, ತೊಳೆದು ಇಟ್ಟರೆ ಆಯಿತು, ಬಟ್ಟೆಯಂಗಡಿಯವನಾಗಿದ್ದರೆ ಮುಳುಗುತ್ತಿದ್ದೆ ಎಂದು ನಕ್ಕರು. ಊಟಕ್ಕೆ ಕುಳಿತವರು ಎರಡನೆಯ ಸಲ ಸಾರು ಹಾಕಿಸಿಕೊಳ್ಳುತ್ತ, ಹದಿನೆಂಟು ಲಕ್ಷವನ್ನೂ ನಾನೇ ಕಟ್ಟುತ್ತೇನೆ ಎಂದರು. ಬಡ್ಡಿ ಬೇಡ, ಕಾಗದ ಬೇಡ, ಹತ್ತು ವರ್ಷವಾದರೂ ಸರಿ, ಆದಾಗ ಕೊಡಿ. ಕೊಟ್ಟವನು ಕೋಡಂಗಿ ಇಸ್ಕೊಂಡವನು ಈರಭದ್ರ ಎನ್ನುತ್ತಾರೆ, ಕೋಡಂಗಿ ನಾನೇ ಆಗುತ್ತೇನೆ ಬಿಡಿ ಎಂದರು. ನನಗೆ ಕಣ್ಣಲ್ಲಿ ನೀರು ಬಂತು. ಕೈ ತೊಳೆದು ಬಂದು ಜಗಲಿಯಲ್ಲಿ ಕುಳಿತ ಮೇಲೆ ಉಳಿದ ಮಾತು ಬಂತು: “ಆದರೆ ಅಕ್ಕ ಮನೆಗೆ ಬರಬೇಕು ಸಾಧನಾ. ಬಿಳಿ ಸೀರೆ ಉಟ್ಟುಕೊಂಡೇ ಇರಲಿ, ವ್ರತ ಮಾಡಲಿ, ನಾನು ಬೇಡ ಹೇಳುವುದಿಲ್ಲ. ಅರುವತ್ತನಾಲ್ಕು ವರ್ಷಕ್ಕೆ ಕೂದಲು ಕಿತ್ತುಕೊಂಡು ಬರಿಗಾಲಲ್ಲಿ ಮಹಾರಾಷ್ಟ್ರಕ್ಕೆ ನಡೆಯುವುದು ಬೇಡ. ಅಷ್ಟೇ.” ಇದು ಷರತ್ತೋ ಮಾವ ಎಂದು ಇವರು ಕೇಳಿದರು. ಷರತ್ತಲ್ಲ ಮಾರಾಯ, ಆಸೆ ಎಂದರು ಮಾವ. ಅವರ ಆಸೆಯ ತೂಕ ಹದಿನೆಂಟು ಲಕ್ಷ. ಅಷ್ಟು ಪ್ರೀತಿಯ ತಮ್ಮನ ಮೇಲೆ ಕೋಪ ಮಾಡಿಕೊಳ್ಳಲೂ ನನ್ನಿಂದ ಆಗಲಿಲ್ಲ.

ಹಾಗಾಗಿ ಅತ್ತ ದರಿ ಇತ್ತ ಪುಲಿ ಎಂಬ ಮಾತಿಗೆ ಇನ್ನೊಂದು ಪುಲಿ ಸೇರಿಸಿಕೊಳ್ಳಬೇಕು. ಏಳು ವರ್ಷದ ಕಂತಾದರೆ ನಿಮ್ಮ ಸಹಿ ನಿಮ್ಮನ್ನು ಕಟ್ಟಿಹಾಕುತ್ತದೆ. ಒಮ್ಮೆಲೇ ತೀರಿಸಿದರೆ ನಿಮ್ಮ ಮನಸ್ಸು ಕಟ್ಟಿಹಾಕುತ್ತದೆ. ಮಾವನ ಹಣವಾದರೆ ಮಾವ ಕಟ್ಟಿಹಾಕುತ್ತಾರೆ. ಬೆಳಿಗ್ಗೆ ಹಾಲು ಕಾಯಿಸುವಾಗ ಒಂದು ಸರಿಯೆನಿಸುತ್ತದೆ, ಬಟ್ಟೆ ಹಿಂಡುವಾಗ ಇನ್ನೊಂದು. ಪ್ರಣಮ್ಯಾ ಮೊಬೈಲಿನಲ್ಲಿ ಕೋಷ್ಟಕ ಮಾಡಿ, ಹಸಿರು ಬಣ್ಣ, ಕೆಂಪು ಬಣ್ಣ ಹಚ್ಚಿ, ಭುಜಬಲಿ ಅಜ್ಜನ ಹಣವೇ ಎಲ್ಲಕ್ಕಿಂತ ಲಾಭ ಅಮ್ಮಾ ಎಂದಳು. ಅಜ್ಜಿಯನ್ನು ಎಲ್ಲಿ ಬರೆದಿದ್ದೀಯೆ ಎಂದು ಕೇಳಿದೆ. ಅವಳು ಮೊಬೈಲು ಕೆಳಗಿಟ್ಟಳು. ಸಫಿಯಮ್ಮ ಇದಕ್ಕೆಲ್ಲ ಇಷ್ಟು ಯಾಕೆ ತಲೆಬಿಸಿ, ಹೆಂಗಸರ ಸಂಘದಲ್ಲಿ ಸಾಲ ತೆಗೆದು ಇದನ್ನು ತೀರಿಸಿ, ಅದನ್ನು ಮತ್ತೆ ನೋಡುವ ಎಂದಳು. ಅವಳು ಹಾಗೆ ಮಾಡಿ ಈಗ ಮೂರು ಸಂಘಕ್ಕೆ ವಾರವಾರ ಕಟ್ಟುತ್ತಿದ್ದಾಳೆ, ಆದರೂ ನಗುನಗುತ್ತಲೇ ಇದ್ದಾಳೆ. ಕೊನೆಗೆ ನಿನ್ನೆ ಸಂಜೆ ನಾನು ಮೂರು ಚೀಟಿ ಬರೆದು ಮಡಚಿ, ಣಮೋಕಾರ ಮಂತ್ರ ಹೇಳಿ, ಒಂದನ್ನು ಎತ್ತು ಎಂದು ಅವಳಿಗೇ ಹೇಳಿದೆ. ಮಾವನ ಚೀಟಿ ಬಂತು. ಸರಿಯಾಗಿ ಕಲಸಲಿಲ್ಲ ಎಂದು ಮತ್ತೆ ಹಾಕಿದೆ. ಏಳು ವರ್ಷದ್ದು ಬಂತು. ಮತ್ತೆ ಹಾಕಲು ಹೊರಟಾಗ ಸಫಿಯಮ್ಮ, “ಸಾಧನಕ್ಕಾ, ನಿಮಗೆ ಯಾವುದು ಬೇಕೋ ಅದು ಬರುವವರೆಗೆ ಎತ್ತುವುದಾದರೆ ಚೀಟಿ ಯಾಕೆ?” ಎಂದಳು. ನನಗೆ ಯಾವುದು ಬೇಕು ಎಂದು ಗೊತ್ತಿದ್ದರೆ ಚೀಟಿ ಬರೆಯುತ್ತಿದ್ದೆನೇ? ಸಿಟ್ಟು ಬಂದು ಎಲ್ಲವನ್ನೂ ಒಲೆಗೆ ಹಾಕಿದೆ.

ನಿಮ್ಮ ಮಗನ ವಿಷಯ ಹೇಳಬೇಕೆಂದಿಲ್ಲ. ಮಾತಾಡಿದರೆ ಮುತ್ತು ಉದುರುತ್ತದೆ ಎನ್ನುವ ಜಾತಿ. ದಿನಾ ಸಂಜೆ ಶೆಡ್ಡಿಗೆ ಹೋಗಿ, ಓಡದ ಮೂರು ಯಂತ್ರಗಳನ್ನು ಒರೆಸಿ, ಎಣ್ಣೆ ಹಾಕಿ ಬರುತ್ತಾರೆ. ಮಾರುವುದಕ್ಕೋ ಉಳಿಸಿಕೊಳ್ಳುವುದಕ್ಕೋ ಎಂದು ಕೇಳಿದರೆ ಇನ್ನೊಂದು ಹನಿ ಎಣ್ಣೆ ಹಾಕುತ್ತಾರೆ. ನಿನ್ನೆ ಮಾತ್ರ ಈ ಫಾರ್ಮನ್ನು ನನ್ನ ಕೈಗೆ ಕೊಟ್ಟು, ಕಾಗದದ ಜೊತೆ ಇಡು, ಅಮ್ಮ ಒಂದು ಸಹಿ ಹಾಕಿದರೆ ಯಾರಿಗೂ ಕಷ್ಟವಿಲ್ಲ, ಏಳು ವರ್ಷ ಏನು ದೊಡ್ಡದು ಎಂದರು. ಹೇಳುವಾಗ ನನ್ನ ಮುಖ ನೋಡಲಿಲ್ಲ. ಏಳು ವರ್ಷವೆಂದರೆ ನಿಮಗೆ ಎಪ್ಪತ್ತೊಂದು. ಈ ಮಂಡಿಯಲ್ಲಿ ನಡೆಯುವುದಾದರೆ ಈಗಲೇ ಎಂದು ನೀವು ಹೇಳಿದ್ದು ಅವರಿಗೂ ಗೊತ್ತು, ನನಗೂ ಗೊತ್ತು. ಆದರೂ ನಾನು ಆಯಿತು ಎಂದು ಫಾರ್ಮು ತೆಗೆದುಕೊಂಡೆ. ಒಂದು ಮಾತು ಎದುರು ಆಡಲಿಲ್ಲ. ಎಲ್ಲದಕ್ಕೂ ಎದುರು ಮಾತಾಡುವ ನನಗೆ ಆಗ ಏನಾಗಿತ್ತೋ ತಿಳಿಯದು.

ಒಂದೊಂದು ಸಲ ನಿಮ್ಮ ಮೇಲೆಯೇ ಸಿಟ್ಟು ಬರುತ್ತದೆ ಅತ್ತೆ. ಜುಲೈಯಲ್ಲಿ ಮಾತಾಜಿಯವರು ಮೂಡುಬಿದಿರೆಯಲ್ಲಿ ನಿಮ್ಮನ್ನು ಕೇಳಿದ್ದು ಎರಡೇ ಪ್ರಶ್ನೆ. ಮನೆಯವರ ಒಪ್ಪಿಗೆ ಉಂಟೇ? ಸಾಲ, ಋಣ ಏನಾದರೂ ಉಂಟೇ? ಮೊದಲನೆಯದಕ್ಕೆ ನೀವು, ಕೇಳಬೇಕು ಎಂದಿರಿ. ಎರಡನೆಯದಕ್ಕೆ ನೇರವಾಗಿ, ಉಂಟು ಎಂದುಬಿಟ್ಟಿರಿ. ಹಿಂದೆ ಕುಳಿತಿದ್ದ ನಾನು ನಿಮ್ಮ ಸೆರಗು ಎಳೆದೆ, ನೀವು ತಿರುಗಿ ನೋಡಲಿಲ್ಲ. ಸಾಲ ಮಗನದ್ದು, ಅತ್ತೆಯದ್ದು ಬರೀ ಜಾಮೀನು ಎಂದು ನಾನು ಹೇಳಲು ಹೋದರೆ ನೀವು ನನ್ನನ್ನೇ ಸುಮ್ಮನಾಗಿಸಿದಿರಿ: “ನಾನು ಓದಿಯೇ ಸಹಿ ಹಾಕಿದ್ದು. ಮಗ ಕೊಡದಿದ್ದರೆ ನಾನು ಕೊಡ್ತೇನೆ ಅಂತ ಅದರಲ್ಲಿ ಉಂಟು. ಹಾಗಾದರೆ ಅದು ನನ್ನದೇ.” ಸೊಸೈಟಿಯ ಫಾರ್ಮು ಓದಿ ಸಹಿ ಹಾಕಿದವರು ಈ ತಾಲೂಕಿನಲ್ಲೇ ನೀವೊಬ್ಬರಿರಬೇಕು. ಜಯಪ್ರಕಾಶರಿಗೆ ಇದನ್ನು ಹೇಳಿದಾಗ, ಜಾಮೀನು ಹಾಕಿದವರು ಸಾಲಗಾರನ ಹೆಸರೇ ನೆನಪಿಲ್ಲ ಎನ್ನುವುದನ್ನು ಕೇಳಿದ್ದೇನೆ, ಇಂಥದ್ದು ಕೇಳಿಲ್ಲ ಎಂದರು. ಮಾತಾಜಿಯವರು ಏನೂ ಬೈಯಲಿಲ್ಲ, ಚಾತುರ್ಮಾಸ ಮುಗಿಯುವುದರೊಳಗೆ ತೀರಿಸಿಕೊಳ್ಳಿ ಎಂದಷ್ಟೇ ಹೇಳಿದರು. ದೀಪಾವಳಿ ಕಳೆದು ಸಂಘ ವೇಣೂರು ಬಿಟ್ಟು ನಡೆಯುತ್ತದೆ. ಅಷ್ಟರೊಳಗೆ ತೀರದಿದ್ದರೆ ನಿಮಗೆ ದೀಕ್ಷೆಯಿಲ್ಲ. ನೀವು ಅಂದು ಸುಳ್ಳು ಹೇಳಬೇಕಾಗಿರಲಿಲ್ಲ, ಸ್ವಲ್ಪ ಸುಮ್ಮನಿದ್ದಿದ್ದರೆ ಸಾಕಿತ್ತು. ಆಗ ಇಷ್ಟು ಹೊತ್ತಿಗೆ ನಾವು ಬರೀ ಹಣದ ಲೆಕ್ಕ ಮಾಡಿಕೊಂಡು ಕುಳಿತಿರುತ್ತಿದ್ದೆವು, ನಿಮ್ಮನ್ನು ಅದರೊಳಗೆ ಸೇರಿಸಬೇಕಾಗಿರಲಿಲ್ಲ.

ಬರೆದು ನೋಡಿದರೂ ಅರ್ಥವಾಗಲಿಲ್ಲ. ಕೈ ನೋವು ಬಂತು, ಅಷ್ಟೇ. ಮದುವೆಯಾಗಿ ಬಂದ ಇಪ್ಪತ್ತೊಂದು ವರ್ಷಗಳಲ್ಲಿ ಅನ್ನಕ್ಕೆ ಎಷ್ಟು ನೀರು ಎಂಬಲ್ಲಿಂದ ಹಿಡಿದು ಪ್ರಣಮ್ಯಾಳನ್ನು ಯಾವ ಕಾಲೇಜಿಗೆ ಹಾಕುವುದು ಎಂಬಲ್ಲಿಯವರೆಗೆ ನಿಮ್ಮನ್ನು ಕೇಳಿಯೇ ಮಾಡಿದ್ದೇನೆ. ಕೇಳಿ, ನಿಮಗೆ ವಿರುದ್ಧ ಮಾಡಿದ್ದೂ ಉಂಟು, ಆದರೆ ಕೇಳದೆ ಮಾಡಿಲ್ಲ. ಇದನ್ನು ನಿಮ್ಮಲ್ಲಿ ಕೇಳುವುದು ಸರಿಯೇ? ಕೊರಳಿಗೆ ಹಗ್ಗ ಬಿದ್ದವರನ್ನೇ ಯಾವ ಹಗ್ಗ ಒಳ್ಳೆಯದು ಎಂದು ಕೇಳಿದ ಹಾಗಾಗುವುದಿಲ್ಲವೇ? ಆದರೂ ಬೇರೆ ಯಾರನ್ನು ಕೇಳಲಿ? ಇಂದ್ರರು ಅಲ್ಲಿ ಒಂದು ಗಂಟೆ ಇರುತ್ತಾರೆ. ಹಣದ ಮಾತು ಈಗ ನೀವು ಆಡಬಾರದೇನೋ, ಗೊತ್ತಿಲ್ಲ. ಆಡಬಹುದಾದರೆ ಒಂದು ಚೀಟಿಯಲ್ಲಿ ಒಂದು, ಎರಡು, ಮೂರು ಎಂದು ಒಂದು ಅಂಕೆ ಬರೆದು ಕಳಿಸಿ. ಏಳು ವರ್ಷ ಎಂದರೆ ಒಂದು. ಒಮ್ಮೆಲೇ ತೀರಿಸುವುದು ಎರಡು. ನಿಮ್ಮ ತಮ್ಮ ಮೂರು. ಫಾರ್ಮಿನಲ್ಲಿ ಸಹಿ ಮಾಡುವುದಾದರೆ ಪೆನ್ಸಿಲ್ ಗುರುತಿನ ಮೇಲೆಯೇ ಮಾಡಿ.

ಮಾತಾಜಿಯವರಿಗೆ ನಮ್ಮೆಲ್ಲರ ವಂದಾಮಿ ತಿಳಿಸಿ. ಸಂಘದವರಿಗೆಲ್ಲ ನಮಸ್ಕಾರ. ಪ್ರಣಮ್ಯಾ ಅಜ್ಜಿಯ ಕಾಲು ಮುಟ್ಟಿದ್ದಾಳೆಂದು ಬರೆಯಲು ಹೇಳಿದಳು, ಸಫಿಯಮ್ಮ ಸಲಾಂ ಹೇಳಿದ್ದಾಳೆ. ಈ ವರ್ಷ ತಿಳಿದೋ ತಿಳಿಯದೆಯೋ ನಿಮ್ಮ ಮನಸ್ಸು ನೋಯಿಸಿದ್ದರೆ, ಈ ಕಾಗದದಲ್ಲಿ ನೋಯಿಸಿದ್ದನ್ನೂ ಸೇರಿಸಿ, ಕ್ಷಮಿಸಿ. ನಮ್ಮನ್ನು ಹರಸಿ.

ನಿಮ್ಮ ಜಗಳಗಂಟಿ ಸೊಸೆ
ಸಾಧನಾ

ಮರೆತದ್ದು: ಇಂದ್ರರು ಅಂಗಳದಲ್ಲಿ ಸ್ಕೂಟರು ತಿರುಗಿಸಿ ನಿಂತಿದ್ದಾರೆ, ಗಡಿಬಿಡಿಯಲ್ಲಿ ಬರೆಯುತ್ತಿದ್ದೇನೆ, ಅಕ್ಷರ ಕೂಡಿಸಿ ಓದಿಕೊಳ್ಳಿ. ಲಕೋಟೆ ಅಂಟಿಸುವ ಮೊದಲು ಇವರು ಕಾಗದ ಕೊಡು ಎಂದರು. ಬಾಗಿಲಲ್ಲಿ ನಿಂತೇ ಎಲ್ಲವನ್ನೂ ಓದಿದರು, ನಿಮ್ಮ ಮಾತು ಬಂದಲ್ಲಿ ಎರಡು ಸಲ ಓದಿದರು. ಮತ್ತೆ ಫಾರ್ಮನ್ನು ಲಕೋಟೆಯಿಂದ ತೆಗೆದು ಮಡಚಿ ಕಿಸೆಗೆ ಹಾಕಿಕೊಂಡು, “ಒಮ್ಮೆಲೇ ಮುಗಿಸುವ. ಅಮ್ಮನ ಸಹಿ ಬೇಡ” ಎಂದರು. ನಾನು ಬೇಡ ಎನ್ನಲು ಬಾಯಿ ತೆರೆದೆ. ಆಗ ನನಗೆ ಗೊತ್ತಾಯಿತು ಅತ್ತೆ, ಏಳು ವರ್ಷ ಎಂದಾಗ ನನಗೆ ಯಾಕೆ ಹಗುರವಾಗಿತ್ತೆಂದು. ಬಾಯಿ ಮುಚ್ಚಿದೆ. ಆದ್ದರಿಂದ ಯಾವ ಅಂಕೆಯನ್ನೂ ಬರೆಯಬೇಡಿ, ಫಾರ್ಮನ್ನು ಹುಡುಕಬೇಡಿ. ಬಳೆ ನಾಳೆಯೇ ಹೋಗುತ್ತದೆ. ಸೊಸೈಟಿಯವರು ಬಿಡುವ ಆರು ಲಕ್ಷ ನಿಮ್ಮದಲ್ಲ, ಅದನ್ನು ಇವತ್ತಿನಿಂದ ನಾನು ಮತ್ತು ನಿಮ್ಮ ಮಗ ಹೊತ್ತುಕೊಂಡಿದ್ದೇವೆ. ಅವರು ಕೇಳದಿದ್ದರೂ ಆದಾಗ ಆದಷ್ಟು ಕೊಡುತ್ತೇವೆ, ತೀರಿಸಿಯೇ ಸಾಯುತ್ತೇವೆ. ಮಾತಾಜಿಯವರು ಕೇಳಿದರೆ ನಿಮಗೆ ಋಣವಿಲ್ಲ ಎಂದು ಧೈರ್ಯವಾಗಿ ಹೇಳಿ, ಅದು ಸುಳ್ಳಲ್ಲ. ಮಾವ ಕೂಗಾಡಿದರೆ ನಾನು ನೋಡಿಕೊಳ್ಳುತ್ತೇನೆ. ದೀಕ್ಷೆಯ ದಿನ ಸಭೆಯಲ್ಲಿ ಮನೆಯವರ ಒಪ್ಪಿಗೆ ಕೇಳುತ್ತಾರಲ್ಲ, ಆಗ ನಿಮ್ಮ ಮಗ ಎದ್ದು ನಿಂತು ಹೇಳುತ್ತಾರೆ. ನಾನೂ ಬರುತ್ತೇನೆ, ಹಿಂದಿನ ಸಾಲಿನಲ್ಲಿ ಕುಳಿತುಕೊಳ್ಳುತ್ತೇನೆ. ಆದರೆ ನನ್ನನ್ನು ಕೇಳಬಾರದೆಂದು ಈಗಲೇ ಮಾತಾಜಿಯವರಿಗೆ ಹೇಳಿಡಿ. ಕೇಳಿದರೆ ನಾನು ಇಲ್ಲ ಎಂದುಬಿಡುತ್ತೇನೆ.